ಶನಿವಾರದ ನೀರು

ಊರಿಗೆ ಹೋದಾಗಲೆಲ್ಲ ಯಾರಾದರೊಬ್ಬರು ಕೇಳುತ್ತಿದ್ದರು: "ಬೊಂಬಾಯಿಯಲ್ಲಿ ನಿನಗೆ ಎಂತ ಕೆಲಸ?" ಸಾರ್ವಜನಿಕ ಆರೋಗ್ಯ ಪ್ರಯೋಗಾಲಯ, ಸೂಕ್ಷ್ಮಜೀವಿಗಳ ಪರೀಕ್ಷೆ ಎಂದೆಲ್ಲ ಹೇಳಿ ನೋಡಿದೆ. ಕೇಳಿದವರಿಗೆ ಅದು ತಲೆಗೆ ಹೋದ ಹಾಗೆ ಕಾಣಲಿಲ್ಲ. ಕಡೆಗೆ ಅಮ್ಮನೇ ಒಂದು ಉತ್ತರ ಮಾಡಿಟ್ಟುಕೊಂಡಳು: "ಅವನಿಗೆ ನೀರು ನೋಡುವ ಕೆಲಸ." ಜನ ನಗುತ್ತಿದ್ದರು. ನಮ್ಮ ಕಾರ್ಕಳದ ಕಡೆ ಮನೆಗೊಂದು ಬಾವಿ. ಬಗ್ಗಿದರೆ ತಳ ಕಾಣುವ ನೀರು. ಅದನ್ನು ನೋಡುವುದಕ್ಕೂ ಸಂಬಳ ಕೊಡುತ್ತಾರೆ ಎಂದರೆ ನಗದೆ ಇನ್ನೇನು ಮಾಡುತ್ತಾರೆ?

ಹಾಗೆ ಮೂವತ್ತೊಂದು ವರ್ಷ, 1982ರಿಂದ 2013ರವರೆಗೆ, ಮುಂಬಯಿಯ ಒಂದು ಪ್ರಯೋಗಾಲಯದಲ್ಲಿ ನೀರು ನೋಡಿದೆ. ನೀರಿನ ಜೊತೆಗೆ ಹಾಲು, ಮಂಜುಗಡ್ಡೆ, ಕಬ್ಬಿನ ಹಾಲು, ಕುಲ್ಫಿ, ಪಾನಿಪೂರಿಯ ಹಸಿರು ನೀರು, ಹೋಟೆಲಿನ ತೆಂಗಿನಕಾಯಿ ಚಟ್ನಿ ಎಲ್ಲವೂ ಬಾಟ್ಲಿಯಲ್ಲಿ ಬಂದು ನಮ್ಮ ಮೇಜಿನ ಮೇಲೆ ಕೂರುತ್ತಿದ್ದವು. ಪರವೂರಿನ ಬದುಕಿನ ಬಗ್ಗೆ ಬರೆಯಿರಿ ಎಂದು ಈ ಪುಸ್ತಕದವರು ಕೇಳಿದಾಗ ಲೋಕಲ್ ರೈಲು, ಕನ್ನಡ ಸಂಘ, ಮಳೆಗಾಲದಲ್ಲಿ ಬರುವ ಯಕ್ಷಗಾನ ಮೇಳ ಎಲ್ಲ ನೆನಪಾದವು. ಅವನ್ನು ನನಗಿಂತ ಚೆನ್ನಾಗಿ ಬರೆಯುವವರಿದ್ದಾರೆ. ನನ್ನ ಹತ್ತಿರ ಇರುವುದು ಒಂದು ಪ್ರಶ್ನೆ ಮಾತ್ರ. ಉಣ್ಣಿಸಿದವರ ಋಣವನ್ನು ತೀರಿಸಬೇಕು, ಸರಿ. ಆದರೆ ಯಾವುದರಿಂದ ತೀರಿಸಬಹುದು? 1989ರ ಆಗಸ್ಟಿನ ಒಂದು ಶನಿವಾರದಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ನಾನು ಮುಂಬಯಿಗೆ ಬಂದದ್ದು 1971ರಲ್ಲಿ, ಹದಿನಾರರ ಪ್ರಾಯದಲ್ಲಿ. ನಮ್ಮ ಕಡೆಯ ಹೆಚ್ಚಿನ ಹುಡುಗರ ಹಾಗೆ ಬಸ್ಸಿನಿಂದ ಇಳಿದವನು ಸೀದಾ ಹೋಟೆಲಿಗೆ. ಫೋರ್ಟಿನ ಆಫೀಸುಗಳ ನಡುವೆ ನಮ್ಮೂರವರದೇ ಒಂದು ಸಣ್ಣ ಹೋಟೆಲು. ಮಾಲಕರನ್ನು ಎಲ್ಲರೂ ಅಣ್ಣ ಎನ್ನುತ್ತಿದ್ದೆವು. ಮೊದಲು ಮೇಜು ಒರೆಸಿದೆ, ಆಮೇಲೆ ಬಾಹರ್‌ವಾಲಾ ಆಗಿ ಆಫೀಸುಗಳಿಗೆ ಚಾ ಹೊತ್ತೆ. ಸಂಜೆ ಗಂಟೆ ಆರಾದರೆ ಅಣ್ಣ ಗಲ್ಲಾದಿಂದಲೇ ಗಡಿಯಾರ ನೋಡಿ, "ಹೋಗು ಮಾರಾಯ, ಶಾಲೆಗೆ ತಡ ಆಗ್ತದೆ" ಎನ್ನುತ್ತಿದ್ದರು. ಆ ಕಾಲದ ಮುಂಬಯಿಯ ಕನ್ನಡ ರಾತ್ರಿಶಾಲೆಗಳ ಬಗ್ಗೆ ನೀವು ಕೇಳಿರಬಹುದು. ಹಗಲು ಗ್ಲಾಸು ತೊಳೆದ ಕೈಯಲ್ಲಿ ರಾತ್ರಿ ಬೀಜಗಣಿತ ಮಾಡಿದವರು ನಾವು. ಎಲ್ಲ ಹೋಟೆಲಿನ ಮಾಲಕರೂ ಆರು ಗಂಟೆಗೆ ಹುಡುಗರನ್ನು ಬಿಡುತ್ತಿರಲಿಲ್ಲ. ನಮ್ಮ ಅಣ್ಣ ಬಿಟ್ಟರು. 1973ರಲ್ಲಿ ನನಗೆ ಟೈಫಾಯ್ಡ್ ಬಂತು. ಹೋಟೆಲಿನ ಮಾಳಿಗೆಯಲ್ಲಿ ಚಾಪೆಯ ಮೇಲೆ ಮೂರು ವಾರ ಮಲಗಿದ್ದೆ. ದಿನಕ್ಕೆ ಎರಡು ಸಲ ಅಣ್ಣನೇ ಮೆಟ್ಟಿಲು ಹತ್ತಿ ಬಂದು ಗಂಜಿ ಕುಡಿಸಿದರು, ಡಾಕ್ಟರರ ದುಡ್ಡು ಕೊಟ್ಟರು. ಅದನ್ನು ಸಂಬಳದಲ್ಲಿ ಮುರಿದುಕೊಳ್ಳಲಿಲ್ಲ. ಆ ಟೈಫಾಯ್ಡ್ ಎಲ್ಲಿಂದ ಬಂತು ಎಂದು ಆಗ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳುವ ವಿದ್ಯೆ ಆಮೇಲೆ ಬಂತು.

ಆ ವಿದ್ಯೆ ಏನು ಎಂಬುದನ್ನು ಸ್ವಲ್ಪ ಹೇಳಬೇಕು. ಇಲ್ಲದಿದ್ದರೆ ಶನಿವಾರದ ಕತೆ ಅರ್ಥವಾಗುವುದಿಲ್ಲ.

ಕುಡಿಯುವ ನೀರಿನಲ್ಲಿ ನಾವು ಮೊದಲು ಹುಡುಕುವುದು ಟೈಫಾಯ್ಡಿನ ಕ್ರಿಮಿಯನ್ನಲ್ಲ, ಕಾಲರಾದ್ದನ್ನೂ ಅಲ್ಲ. ಅವು ಇದ್ದರೂ ಬೆರಳೆಣಿಕೆಯಷ್ಟಿರುತ್ತವೆ, ಕೈಗೆ ಸಿಗುವುದು ಕಷ್ಟ. ನಾವು ಹುಡುಕುವುದು ಇ. ಕೊಲಿಯನ್ನು. 1885ರಲ್ಲಿ ಎಶೆರಿಶ್ ಎಂಬ ಮಕ್ಕಳ ವೈದ್ಯ ಎಳೆಯ ಕೂಸುಗಳ ಮಲದಲ್ಲಿ ಇದನ್ನು ಗುರುತಿಸಿದ. ಮನುಷ್ಯರ ಮತ್ತು ದನಕರುಗಳ ಕರುಳಿನಲ್ಲಿ ಕೋಟಿಗಟ್ಟಲೆ ಇರುವ ಜೀವಿ ಇದು. ಅದರಲ್ಲಿ ಹೆಚ್ಚಿನವು ಪಾಪದವು, ತಾವಾಗಿ ಯಾರಿಗೂ ಕೇಡು ಮಾಡುವುದಿಲ್ಲ. ಆದರೆ ಅದು ನೀರಿನಲ್ಲಿ ಸಿಕ್ಕಿದರೆ ಆ ನೀರಿಗೆ ಎಲ್ಲಿಂದಲೋ ಮಲ ಸೇರಿದೆ ಎಂದಾಯಿತು. ಮಲ ಬಂದ ದಾರಿಯಲ್ಲಿ ಟೈಫಾಯ್ಡ್ ಬರಬಹುದು, ಕಾಮಾಲೆ ಬರಬಹುದು. ಕಳ್ಳನನ್ನು ಕಾಯುತ್ತ ಕೂರುವ ಬದಲು ಹಿತ್ತಲ ಬಾಗಿಲು ತೆರೆದಿದೆಯೇ ಎಂದು ನೋಡುವ ಹಾಗೆ. ನಮ್ಮ ದೇಶದ ಮಾನಕದಲ್ಲಿ ಕುಡಿಯುವ ನೀರಿನ 100 ಮಿಲಿಲೀಟರಿನಲ್ಲಿ ಇದು ಒಂದೂ ಕಾಣಬಾರದು.

ನೀರು ತರುವ ಬಾಟ್ಲಿಯನ್ನು ಮೊದಲೇ ಕ್ರಿಮಿಶುದ್ಧ ಮಾಡಿ, ಒಳಗೆ ಒಂದು ಚೂರು ಸೋಡಿಯಂ ಥಯೋಸಲ್ಫೇಟ್ ಹಾಕಿಟ್ಟಿರುತ್ತೇವೆ. ನಳ್ಳಿನೀರಿನಲ್ಲಿ ಕ್ಲೋರಿನ್ ಇರುತ್ತದಲ್ಲ, ಅದು ದಾರಿಯುದ್ದಕ್ಕೂ ಕ್ರಿಮಿಗಳನ್ನು ಕೊಲ್ಲುತ್ತ ಬಂದರೆ ಜನ ಕುಡಿದದ್ದಕ್ಕಿಂತ ಒಳ್ಳೆಯ ನೀರು ನಮ್ಮ ಮೇಜಿಗೆ ಬಂದಿರುತ್ತದೆ. ಹಾಗೆ ಆಗದಿರಲಿ ಎಂದು ಕ್ಲೋರಿನ್ನನ್ನು ಬಾಟ್ಲಿಯೊಳಗೇ ನಿಲ್ಲಿಸಿಬಿಡುವುದು. ಐಸಿನ ಪೆಟ್ಟಿಗೆಯಲ್ಲಿ ತರುವುದೂ ಅದಕ್ಕೇ. ಹೆಚ್ಚೂ ಆಗಬಾರದು, ಕಮ್ಮಿಯೂ ಆಗಬಾರದು. ಬಂದ ನೀರನ್ನು ಹನ್ನೊಂದು ಪಾಲು ಮಾಡುತ್ತಿದ್ದೆವು: 50 ಮಿಲಿಲೀಟರಿನ ಒಂದು, 10ರ ಐದು, 1ರ ಐದು. ಪ್ರತಿಯೊಂದನ್ನೂ ನೇರಳೆ ಬಣ್ಣದ ಮ್ಯಾಕಾಂಕಿ ದ್ರಾವಣಕ್ಕೆ ಹಾಕಿ 37 ಡಿಗ್ರಿ ಕಾವಿನ ಪೆಟ್ಟಿಗೆಯಲ್ಲಿಡುವುದು. ಪ್ರತಿ ನಳಿಗೆಯೊಳಗೆ ಇನ್ನೊಂದು ಪುಟ್ಟ ನಳಿಗೆ ಬೋರಲಾಗಿ ಮುಳುಗಿರುತ್ತದೆ. ಕರುಳಿನ ಕ್ರಿಮಿ ಇದ್ದರೆ ನೇರಳೆ ಹಳದಿಯಾಗುತ್ತದೆ, ಪುಟ್ಟ ನಳಿಗೆಯಲ್ಲಿ ಗಾಳಿಯ ಗುಳ್ಳೆ ನಿಲ್ಲುತ್ತದೆ. ಹಳದಿಯಾದದ್ದನ್ನು 44 ಡಿಗ್ರಿಯಲ್ಲಿ ಇನ್ನೊಂದು ದಿನ ಇಟ್ಟು ನೋಡಬೇಕು. ಬೇರೆ ಹೆಚ್ಚಿನ ಕ್ರಿಮಿಗಳಿಗೆ ಆ ಕಾವು ತಡೆಯುವುದಿಲ್ಲ, ಇ. ಕೊಲಿ ತಡೆಯುತ್ತದೆ. ಒಂದೆರಡು ಹನಿ ಔಷಧಿ ಬಿಟ್ಟಾಗ ಮೇಲೆ ಕೆಂಪು ಉಂಗುರ ಕಟ್ಟಿದರೆ ಸಂಶಯ ಉಳಿಯಲಿಲ್ಲ. ಎಷ್ಟು ನಳಿಗೆ ಕೆಟ್ಟವು ಎಂಬುದರ ಮೇಲೆ ಒಂದು ಕೋಷ್ಟಕ ನೋಡಿ ಸಂಖ್ಯೆ ಬರೆಯುವುದು. ಹನ್ನೊಂದೂ ಕೆಟ್ಟರೆ ಬರೆಯುವುದು 180+. ಅದರಾಚೆ ಎಷ್ಟು ಎಂದು ಆ ಕೋಷ್ಟಕ ಹೇಳುವುದಿಲ್ಲ.

ಇದಕ್ಕೆಲ್ಲ ಹಿಡಿಯುವುದು ಎರಡು ದಿನ, ಕೆಲವು ಸಲ ಮೂರು. ಕ್ರಿಮಿ ಬೆಳೆಯಬೇಕಲ್ಲ, ನಾವು ಅವಸರ ಮಾಡಿದರೆ ಆಗುವುದಿಲ್ಲ. ಅಂದರೆ ನಾವು ಬರೆಯುವ ವರದಿ ಯಾವಾಗಲೂ ಜನ ಕುಡಿದು ಮುಗಿಸಿದ ನೀರಿನ ಬಗ್ಗೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದು ನನಗೆ ಬಹಳ ವಿಚಿತ್ರವಾಗಿ ಕಂಡಿತ್ತು.

ನಮಗೆ ಕೆಲಸ ಕಲಿಸಿದವರು ಒಬ್ಬರು ಮರಾಠಿ ಹೆಂಗಸು. ನಾವು ಬಾಯಿ ಎಂದು ಕರೆಯುತ್ತಿದ್ದೆವು. ಹೊಸಬರಿಗೆ ಅವರು ಮೊದಲ ವಾರ ಹೇಳುತ್ತಿದ್ದದ್ದು ಹಾಫ್ಕಿನ್ನನ ಕತೆ. ಮುಂಬಯಿಯ ಪ್ಲೇಗಿಗೆ ಲಸಿಕೆ ಮಾಡಿ, 1897ರ ಜನವರಿಯಲ್ಲಿ ಮೊದಲು ತನಗೇ ಚುಚ್ಚಿಕೊಂಡ ಒಡೆಸ್ಸಾದ ಯಹೂದಿ ವಿಜ್ಞಾನಿ ಅವನು. ಪರೇಲಿನಲ್ಲಿ ಹಿಂದೆ ಗವರ್ನರರ ಬಂಗಲೆಯಾಗಿದ್ದ ಕಟ್ಟಡದಲ್ಲಿ ಅವನ ಪ್ರಯೋಗಾಲಯ ಇತ್ತು. ಈಗ ಅದಕ್ಕೆ ಅವನದೇ ಹೆಸರು. 1902ರಲ್ಲಿ ಪಂಜಾಬಿನ ಮಲ್ಕೋವಾಲ್ ಎಂಬ ಹಳ್ಳಿಯಲ್ಲಿ ಅವನ ಲಸಿಕೆ ಚುಚ್ಚಿಸಿಕೊಂಡ 107 ಜನರಲ್ಲಿ, ಒಂದೇ ಬಾಟ್ಲಿಯಿಂದ ಪಡೆದ 19 ಜನ ಧನುರ್ವಾಯುವಿನಿಂದ ಸತ್ತರು. ಬಾಟ್ಲಿ ಪರೇಲಿನಲ್ಲೇ ಕೆಟ್ಟಿತ್ತು ಎಂದು ತಪ್ಪನ್ನು ಹಾಫ್ಕಿನ್ನನ ತಲೆಗೆ ಕಟ್ಟಿದರು, ಕೆಲಸದಿಂದ ದೂರ ಇಟ್ಟರು. ನಿಜ ಸಂಗತಿ ಹಳ್ಳಿಯಲ್ಲಿತ್ತು. ಬಿರಡೆ ತೆಗೆಯುವ ಇಕ್ಕಳ ಸಹಾಯಕನ ಕೈಯಿಂದ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧ ಮಾಡದೆ ಬಾಟ್ಲಿ ತೆರೆದಿದ್ದರು. ತೆರೆದಾಗ ನಾತ ಇರಲಿಲ್ಲ. ಧನುರ್ವಾಯುವಿನ ಕ್ರಿಮಿ ವಾರಗಟ್ಟಲೆ ಒಳಗೆ ಬೆಳೆದಿದ್ದರೆ ನಾತ ಹೊಡೆಯದೆ ಇರುತ್ತಿರಲಿಲ್ಲ. ಇದು ಒಪ್ಪಿತವಾಗಿ ಅವನ ಹೆಸರು ಶುದ್ಧವಾದದ್ದು 1907ರಲ್ಲಿ. ರೊನಾಲ್ಡ್ ರಾಸ್ ಮತ್ತು ಇತರ ವಿಜ್ಞಾನಿಗಳು ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಬರೆಯಬೇಕಾಯಿತು. ಅಷ್ಟರಲ್ಲಿ ಐದು ವರ್ಷ ಹೋಗಿತ್ತು, ಮನುಷ್ಯ ಮುರಿದಿದ್ದ.

ಕತೆ ಮುಗಿಸಿ ಬಾಯಿ ಒಂದೇ ಮಾತು ಹೇಳುತ್ತಿದ್ದರು: "ಗಂಟೆ ಬರೆಯಿರಿ. ಬಾಟ್ಲಿ ತುಂಬಿದ ಗಂಟೆ, ಬಂದ ಗಂಟೆ, ತೆರೆದ ಗಂಟೆ, ಫಲಿತಾಂಶ ನಿಮಗೆ ಗೊತ್ತಾದ ಗಂಟೆ." ಕಡೆಯದ್ದನ್ನು ಬರೆಯಲು ನಮ್ಮ ರಿಜಿಸ್ಟರಿನಲ್ಲಿ ಕಾಲಮ್ಮು ಇರಲಿಲ್ಲ. ಬಾಯಿ ತಮ್ಮ ರಿಜಿಸ್ಟರಿನ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಡುತ್ತಿದ್ದರು. ಅದನ್ನು ನೋಡಿ ನಾವು ಹುಡುಗರು ಬೆನ್ನ ಹಿಂದೆ ನಗುತ್ತಿದ್ದೆವು.

ಇನ್ನು ಶನಿವಾರದ ವಿಷಯ.

ಮುಂಬಯಿಗೆ ನೀರು ಬರುವುದು ದೂರದ ಕೆರೆಗಳಿಂದ. ತಾನ್ಸಾ 1892ರದ್ದು, ಆಮೇಲೆ ವೈತರಣ, ಭಾತ್ಸಾ ಬಂದವು. ಶುದ್ಧೀಕರಣವಾಗಿ ಹೊರಡುವ ನೀರಿನ ಬಗ್ಗೆ ನನಗೆ ದೂರಿಲ್ಲ. ಕೆಡುವುದು ಕಡೆಯ ಐವತ್ತು ಅಡಿಯಲ್ಲಿ. ನೀರು ದಿನಕ್ಕೆ ಕೆಲವು ಗಂಟೆ ಮಾತ್ರ ಬರುವುದರಿಂದ ಪ್ರತಿ ಕಟ್ಟಡಕ್ಕೂ ನೆಲದೊಳಗೊಂದು ಟಾಕಿ, ಛಾವಣಿಯ ಮೇಲೊಂದು ಟಾಕಿ. ನೀರು ನಿಂತ ಹೊತ್ತಿನಲ್ಲಿ ಖಾಲಿ ಪೈಪು ಪಕ್ಕದ ಗಟಾರದ ನೀರನ್ನು ಬಿರುಕಿನಿಂದ ಒಳಕ್ಕೆ ಹೀರಿಕೊಳ್ಳುವುದೂ ಉಂಟು. ಆಗಸ್ಟಿನಲ್ಲಿ ಗಟಾರ ಉಕ್ಕಿದರೆ ಕೇಳುವುದೇ ಬೇಡ.

ಆ ಬುಧವಾರ ಬಂದ ಬಾಟ್ಲಿಗಳಲ್ಲಿ ಒಂದು ಅಣ್ಣನ ಹೋಟೆಲಿನದ್ದು. ಬಾಟ್ಲಿಯ ಮೇಲೆ ನಂಬರು ಮಾತ್ರ ಇರುತ್ತದೆ, ಹೆಸರು ಇರುವುದು ಇನ್‌ಸ್ಪೆಕ್ಟರರ ಪುಸ್ತಕದಲ್ಲಿ. ನನಗೆ ಗೊತ್ತಾಗಬಾರದಿತ್ತು. ಆದರೆ ಪೆಟ್ಟಿಗೆ ಹೊತ್ತು ತಂದ ಸಿಪಾಯಿಗೆ ನಾನು ಎಲ್ಲಿ ದುಡಿದು ಓದಿದವನು ಎಂದು ಗೊತ್ತಿತ್ತು. "ಸಾಹೇಬ್, ಇವತ್ತು ನಿಮ್ಮ ಹೋಟೆಲಿನ ಪಾನಿ ಬಂದಿದೆ" ಎಂದು ಪ್ರೀತಿಯಿಂದಲೇ ಬೆರಳಿಟ್ಟು ತೋರಿಸಿದ. ಗುರುವಾರ ಮಧ್ಯಾಹ್ನ ನೋಡುವಾಗ ಹನ್ನೊಂದೂ ಹಳದಿ. ಶುಕ್ರವಾರ ಸಂಜೆ ಐದು ಗಂಟೆಗೆ ಎಲ್ಲದರಲ್ಲೂ ಕೆಂಪು ಉಂಗುರ. 180+. ಟೈಪಿಸ್ಟ್ ಹೋಗಿಯಾಗಿತ್ತು, ವಾರ್ಡಿನ ಆಫೀಸೂ ಮುಚ್ಚಿತ್ತು. ಶನಿವಾರ ಬೆಳಿಗ್ಗೆ ಟೈಪ್ ಮಾಡಿಸಿ, ಸಹಿ ಹಾಕಿ, ಫೋನಿನಲ್ಲಿ ತಿಳಿಸಿ ಕಳಿಸುವುದು ಎಂದುಕೊಂಡು ಮನೆಗೆ ಹೋದೆ.

ರಾತ್ರಿ ಹತ್ತು ಗಂಟೆಗೆ ಡೊಂಬಿವಲಿಯ ನನ್ನ ಬಾಡಿಗೆ ಮನೆಯ ಬಾಗಿಲು ತಟ್ಟಿದರು. ನೋಡಿದರೆ ಅಣ್ಣ. ಅರವತ್ತು ದಾಟಿದ ಮನುಷ್ಯ, ಲೋಕಲ್ ಗಾಡಿಯಲ್ಲಿ ನಿಂತುಕೊಂಡು ಬಂದು, ಧೋತ್ರ ಮೊಣಕಾಲಿನವರೆಗೆ ಒದ್ದೆ. ಹೆಂಡತಿ ಊಟಕ್ಕೆ ಎಬ್ಬಿಸಿದಳು. ಊಟ ಬೇಡ ಎಂದರು, ನೀರು ಕುಡಿದರು. ಟಾಕಿಯ ಮುಚ್ಚಳ ಒಡೆದಿದೆ, ಹೋದ ವಾರದ ಮಳೆಗೆ ಗಟಾರದ ನೀರು ಒಳಗೆ ಹೋಗಿರಬೇಕು ಎಂದು ಅವರೇ ಹೇಳಿದರು. "ಕೆಟ್ಟಿದೆಯಾ?" ಎಂದು ಕೇಳಿದರು. ನಾನು ಬಾಯಿ ಬಿಡಲಿಲ್ಲ, ಆದರೆ ಅವರಿಗೆ ನನ್ನ ಮುಖ ಓದಲು ಬರುತ್ತಿತ್ತು. ಮೂರು ವಾರ ಗಂಜಿ ಕುಡಿಸಿದವರಲ್ಲವೇ?

"ಸುಳ್ಳು ಬರೆ ಅಂತ ನಾನು ಹೇಳುವುದಿಲ್ಲ ಮಾರಾಯ. ಸೋಮವಾರ ಕಳಿಸು. ಆದಿತ್ಯವಾರ ಹೋಟೆಲ್ ಬಂದ್ ಅಲ್ವಾ, ಟಾಕಿ ಪೂರಾ ಖಾಲಿ ಮಾಡಿ ತೊಳೆಸ್ತೇನೆ, ಮುಚ್ಚಳ ಹೊಸತು ಹಾಕಿಸ್ತೇನೆ. ನಾಳೆ ಬಂದು ಬಾಗಿಲಿಗೆ ನೋಟಿಸ್ ಅಂಟಿಸಿದ್ರೆ ಆಯ್ತು, ಮತ್ತೆ ಆ ಹೋಟೆಲಿಗೆ ಯಾರು ಬರ್ತಾರೆ? ಹನ್ನೆರಡು ಹುಡುಗರಿದ್ದಾರೆ. ನೀನು ಮಲಗಿದ್ದ ಜಾಗದಲ್ಲೇ ಮಲಗುವವರು."

ನಾನು, "ನಾಳೆ ಒಂದು ದಿನ ನೀರು ಕಾಯಿಸಿ ಕೊಡಿ ಅಣ್ಣ" ಎಂದೆ.

"ಆಯ್ತು, ಆಯ್ತು" ಎಂದರು.

ದಿನಕ್ಕೆ ನಾನೂರು ಗಿರಾಕಿಗಳು ಬರುವ ಹೋಟೆಲಿನಲ್ಲಿ ಕುಡಿಯುವ ನೀರು, ಗ್ಲಾಸು ತೊಳೆಯುವ ನೀರು, ಚಟ್ನಿ ರುಬ್ಬುವ ನೀರು ಎಲ್ಲವನ್ನೂ ಕಾಯಿಸುವುದು ಆಗದ ಮಾತು. ಅಲ್ಲಿ ನಾಲ್ಕು ವರ್ಷ ಗ್ಲಾಸು ತೊಳೆದವನಿಗೆ ಅದು ಗೊತ್ತಿರಲಿಲ್ಲವೇ? ಅವರಿಗೆ ಗೊತ್ತಿರಲಿಲ್ಲವೇ? ಇಬ್ಬರಿಗೂ ಗೊತ್ತಿದ್ದ ಸುಳ್ಳನ್ನು ಇಬ್ಬರೂ ಸೇರಿ ಒಪ್ಪಿಕೊಂಡೆವು.

ಶನಿವಾರ ಅರ್ಧ ದಿನದ ಆಫೀಸು. ಕಾಗದವನ್ನು ಡ್ರಾಯರಿನಲ್ಲಿಟ್ಟು ಬೇರೆ ಕೆಲಸ ಮಾಡಿದೆ. ಸೋಮವಾರ ಟೈಪ್ ಮಾಡಿಸಿ ಸಹಿ ಹಾಕಿದೆ. ತಾರೀಕು ಸೋಮವಾರದ್ದೇ ಹಾಕಿದೆ, ಸಹಿ ಮಾಡಿದ್ದು ಅವತ್ತೇ ಅಲ್ಲವೇ? ಅಂಕೆಯನ್ನು ತಿದ್ದಲಿಲ್ಲ. 'ಕುಡಿಯಲು ಯೋಗ್ಯವಲ್ಲ' ಎಂದೇ ಬರೆದೆ. ಆ ಕಾಗದದಲ್ಲಿ ಇವತ್ತಿಗೂ ಒಂದಕ್ಷರ ಸುಳ್ಳು ಹುಡುಕಲು ಸಾಧ್ಯವಿಲ್ಲ. ಇನ್‌ಸ್ಪೆಕ್ಟರರು ಹೋಗುವಾಗ ಟಾಕಿ ತೊಳೆದು ಸುಣ್ಣ ಬಳಿದಾಗಿತ್ತು. ಎರಡನೆಯ ಬಾಟ್ಲಿ ಚೊಕ್ಕ. ಆ ವಾರ ಅಣ್ಣ ಫೋನು ಮಾಡಿ, "ನನ್ನ ಋಣ ತೀರಿಸಿದೆ ಮಾರಾಯ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು.

ಆಗಿನಿಂದ ಲೆಕ್ಕ ಹಾಕುತ್ತಿದ್ದೇನೆ. ಬುಧವಾರದಿಂದ ಶುಕ್ರವಾರದವರೆಗೆ ಗಿರಾಕಿಗಳು ಅದೇ ನೀರು ಕುಡಿದರು, ಅದಕ್ಕೂ ಮುಂಚೆ ಎಷ್ಟು ದಿನ ಕುಡಿದಿದ್ದರೋ. ಅದರ ಮೇಲೆ ಒಂದು ಶನಿವಾರ ಹೆಚ್ಚಾದರೆ ಏನಾಯಿತು? ಹೊಟ್ಟೆಗೆ ಶುಕ್ರವಾರದ ನೀರೂ ಒಂದೇ, ಶನಿವಾರದ ನೀರೂ ಒಂದೇ. ಹೀಗೆ ವಾದ ಮಾಡಿಕೊಂಡು ಎಷ್ಟೋ ರಾತ್ರಿ ನಿದ್ದೆ ಮಾಡಿದ್ದೇನೆ. ಆದರೆ ಶುಕ್ರವಾರ ಐದು ಗಂಟೆಯ ತನಕದ ತಡ ಕ್ರಿಮಿ ಬೆಳೆಯಲು ಬೇಕಾದ ತಡ. ಆಮೇಲಿನದ್ದು ನನ್ನದು. ಐದು ಗಂಟೆಯವರೆಗೆ ಆ ನೀರಿನ ವಿಷಯ ಲೋಕದಲ್ಲಿ ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ. ಐದರ ನಂತರ ಒಬ್ಬನಿಗೆ ಗೊತ್ತಿತ್ತು, ಅದನ್ನು ಹೇಳುವುದಕ್ಕೆಂದೇ ಅವನಿಗೆ ಸಂಬಳ ಕೊಟ್ಟು ಕೂರಿಸಿದ್ದರು. ಬಾಯಿ ಪೆನ್ಸಿಲಿನಲ್ಲಿ ಬರೆಯುತ್ತಿದ್ದ ಗಂಟೆ ಯಾಕೆ ಎಂದು ಅವತ್ತು ತಿಳಿಯಿತು.

ಯಾರಿಗಾದರೂ ಏನಾದರೂ ಆಯಿತೇ? ಗೊತ್ತಿಲ್ಲ. ಟೈಫಾಯ್ಡ್ ಕಾಣಿಸಿಕೊಳ್ಳಲು ಒಂದರಿಂದ ಮೂರು ವಾರ, ಕಾಮಾಲೆಗೆ ಐವತ್ತು ದಿನದವರೆಗೂ ಆಗಬಹುದು. ಅಕ್ಟೋಬರಿನ ತನಕ ನಮ್ಮ ಆಫೀಸಿಗೆ ಬರುವ ರೋಗಿಗಳ ವಾರದ ಪಟ್ಟಿಯನ್ನು ನಾನು ಬೇರೆ ಯಾವ ಕಾಲದಲ್ಲೂ ಓದದ ಹಾಗೆ ಓದಿದೆ. ಕಾಮಾಲೆ ಇತ್ತು, ಟೈಫಾಯ್ಡ್ ಇತ್ತು. ಮಳೆಗಾಲದ ಮುಂಬಯಿಯಲ್ಲಿ ಯಾವ ವರ್ಷ ಇರುವುದಿಲ್ಲ? ಫೋರ್ಟಿನಲ್ಲಿ ಚಾ ಕುಡಿದ ಗುಮಾಸ್ತ ವಿರಾರಿನಲ್ಲಿ ಮಲಗುತ್ತಾನೆ, ಕಲ್ಯಾಣದಲ್ಲಿ ಮಲಗುತ್ತಾನೆ. ಯಾವ ಗ್ಲಾಸಿನಿಂದ ಬಂತು ಎಂದು ಅವನಿಗೂ ಗೊತ್ತಾಗುವುದಿಲ್ಲ, ಹದಿನೆಂಟು ವರ್ಷದ ನನಗೆ ಗೊತ್ತಾಗಲಿಲ್ಲವಲ್ಲ, ಹಾಗೆ. ನಮ್ಮ ವೃತ್ತಿಯಲ್ಲಿ ಒಂದು ಕಟ್ಟುನಿಟ್ಟು ಇದೆ. ಕ್ರಿಮಿ ಸಿಗದಿದ್ದರೆ 'ಇಲ್ಲ' ಎಂದು ಬರೆಯುವಂತಿಲ್ಲ, 'ಕಂಡುಬಂದಿಲ್ಲ' ಎಂದು ಬರೆಯಬೇಕು. ನೋಡಿದ್ದು ಟಾಕಿಯ ನೀರಿನಲ್ಲಿ ಒಂದು ಲೋಟದಷ್ಟನ್ನು ಮಾತ್ರ. ಉಳಿದದ್ದರ ಬಗ್ಗೆ ಆಣೆ ಹಾಕಲು ನಾವು ಯಾರು? ನನ್ನ ಶನಿವಾರದಿಂದ ಕಾಯಿಲೆ ಬಿದ್ದವನು ಕಂಡುಬಂದಿಲ್ಲ. ಅಷ್ಟನ್ನೇ ಬರೆಯಬಲ್ಲೆ.

ಋಣದ ಮಾತಿಗೆ ಬರುತ್ತೇನೆ. ಅಣ್ಣನ ಋಣ ಸುಳ್ಳಲ್ಲ. ಅವರು ಆರು ಗಂಟೆಗೆ ಬಿಡದಿದ್ದರೆ ನಾನು ಇವತ್ತಿಗೂ ಯಾವುದೋ ಗಲ್ಲಾದ ಹಿಂದೆ ಇರುತ್ತಿದ್ದೆ. ಕಾನೂನು, ಕರ್ತವ್ಯ ಎಂದು ಭಾಷಣ ಮಾಡಿ ಅವರ ಗಂಜಿಯನ್ನು ಸಣ್ಣದು ಮಾಡಲು ನನಗೆ ಮನಸ್ಸಿಲ್ಲ. ಪರವೂರಿನಲ್ಲಿ ನಮ್ಮನ್ನು ನಿಲ್ಲಿಸಿದ್ದೇ ಇಂಥ 'ನಮ್ಮವರು'. ಅವರು ಇಲ್ಲದಿದ್ದರೆ ನಮ್ಮ ತಲೆಮಾರಿನ ಅರ್ಧ ಜನ ಮರುದಿನವೇ ಬಸ್ಸು ಹತ್ತುತ್ತಿದ್ದರು. ನನ್ನ ಕಷ್ಟ ಬೇರೆ. ಅಣ್ಣ ನನಗೆ ಕೊಟ್ಟದ್ದು ಅವರದೇ ಅನ್ನ, ಅವರದೇ ದುಡ್ಡು, ಅವರ ಹೋಟೆಲಿನ ಎರಡು ಗಂಟೆಯ ದುಡಿಮೆ. ನಾನು ತಿರುಗಿ ಕೊಟ್ಟದ್ದರಲ್ಲಿ ನನ್ನದು ಯಾವುದಿತ್ತು? ಟಾಕಿ ತೊಳೆಸಲು ಸಾವಿರ ರೂಪಾಯಿ ಕೊಡಬಹುದಿತ್ತು. ಶನಿವಾರ ರಜೆ ಹಾಕಿ, ಹೋಟೆಲಿಗೆ ಹೋಗಿ, ಬಾಗಿಲು ಹಾಕಿಸಿ, ನಾನೇ ಟಾಕಿಗೆ ಇಳಿಯಬಹುದಿತ್ತು. ಆ ರಾತ್ರಿ ಅದೊಂದೂ ಹೊಳೆಯಲಿಲ್ಲ. ಹೊಳೆದದ್ದು ಸುಲಭದ್ದು. ಹೆಸರು ಗೊತ್ತಿಲ್ಲದ ನಾನೂರು ಜನರ ಹೊಟ್ಟೆಯಿಂದ ತೆಗೆದು ನನ್ನ ಸಾಲ ಕಟ್ಟಿದೆ.

ಇನ್ನೊಂದು ವಿಷಯ ಇದಕ್ಕಿಂತ ಹೆಚ್ಚು ಚುಚ್ಚುತ್ತದೆ. ಪ್ರತಿ ಮೇ ತಿಂಗಳಲ್ಲಿ ಕೈಗಾಡಿಗಳಿಂದ ಕಬ್ಬಿನ ಹಾಲು, ಬರ್ಫದ ಗೋಲಾ, ನಿಂಬೆ ಶರಬತ್ತು ಬರುತ್ತಿತ್ತು. ಹೆಚ್ಚಿನದಕ್ಕೆ ಹಾಕಿದ್ದು ಮೀನು ಕೆಡದಂತೆ ಇಡಲು ಮಾಡಿದ ಮಂಜುಗಡ್ಡೆ. ತಿನ್ನದ ಮಂಜುಗಡ್ಡೆಗೆ ನೀಲಿ ಬಣ್ಣ ಹಾಕಬೇಕು ಎಂದು ಮಹಾರಾಷ್ಟ್ರದಲ್ಲಿ ನಿಯಮ ಬಂದದ್ದು 2018ರಲ್ಲಿ, ನಾನು ನಿವೃತ್ತನಾದ ಮೇಲೆ. ನಮ್ಮ ಕಾಲದಲ್ಲಿ ಎರಡೂ ಬಿಳಿಯೇ. ಆ ಬಾಟ್ಲಿಗಳು ಸಾಲುಸಾಲಾಗಿ ಹಳದಿಯಾಗುತ್ತಿದ್ದವು, ನಾನು ಅದೇ ದಿನ ಸಹಿ ಹಾಕಿ ಕಳಿಸುತ್ತಿದ್ದೆ. ಮರುದಿನ ಲಾರಿ ಹೋಗಿ ಗಾಡಿಗಳನ್ನು ಎತ್ತಿಕೊಂಡು ಬರುತ್ತಿತ್ತು. ಜೌನ್‌ಪುರದಿಂದ, ಆಜಂ‌ಗಢದಿಂದ ಬಂದ ಹುಡುಗರು, ಅವರಿಗೂ ಹೊಟ್ಟೆ ಇತ್ತು, ಊರಿಗೆ ಮನಿಯಾರ್ಡರು ಕಳಿಸುವುದಿತ್ತು. ಅವರ ಪೈಕಿ ಒಬ್ಬನೂ ರಾತ್ರಿ ಹತ್ತು ಗಂಟೆಗೆ ಡೊಂಬಿವಲಿಗೆ ಬರಲಿಲ್ಲ. ಯಾವ ಮನೆಯ ಬಾಗಿಲು ತಟ್ಟಬೇಕೆಂದು ಅವರಿಗೆ ಗೊತ್ತಿರಲಿಲ್ಲ. ಗಾಡಿ ಎತ್ತಿದ್ದು ತಪ್ಪೆಂದು ನಾನು ಹೇಳುವುದಿಲ್ಲ, ಆ ಬರ್ಫ ಮಕ್ಕಳು ಚೀಪುವಂಥದ್ದಾಗಿರಲಿಲ್ಲ. ಆದರೆ ಅಣ್ಣನ ಕಾಗದಕ್ಕೆ ಡ್ರಾಯರು ಇತ್ತು, ಅವರ ಕಾಗದಕ್ಕೆ ಇರಲಿಲ್ಲ. ನಂಬರಿನ ಬಾಟ್ಲಿ ಎಂಬ ವ್ಯವಸ್ಥೆ ಮಾಡಿದವರು ನಮ್ಮಂಥವರನ್ನು ಚೆನ್ನಾಗಿ ತಿಳಿದಿದ್ದರು.

ಅಣ್ಣ 2001ರಲ್ಲಿ ತೀರಿಕೊಂಡರು. ಆ ಶನಿವಾರ ನೀರು ಕಾಯಿಸಿದಿರಾ ಎಂದು ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಕೇಳಲಿಲ್ಲ.

ಇದನ್ನು ಯಾರಿಗೂ ಹೇಳಿರಲಿಲ್ಲ, ಅಮ್ಮನಿಗೂ. ಆದರೆ ಅಮ್ಮನದೊಂದು ಸಂಗತಿ ಉಂಟು. ಕೊಂಕಣ ರೈಲು ಪೂರ್ತಿ ಶುರುವಾದ ವರ್ಷ, 1998ರ ಜೂನಿನಲ್ಲಿ, ಮೊದಲ ಮಳೆ ಬಿದ್ದ ವಾರ ಊರಿಗೆ ಹೋದೆ. ಹೋಗುವಾಗ ಚೀಲದಲ್ಲಿ ನಾಲ್ಕು ಪುಟ್ಟ ಬಾಟ್ಲಿ ಹಾಕಿಕೊಂಡಿದ್ದೆ. ಬಾವಿಯ ನೀರನ್ನು ಮುಂಬಯಿಗೆ ಹೊತ್ತು ತಂದರೆ ಪ್ರಯೋಜನವಿಲ್ಲ, ಅಷ್ಟು ಹೊತ್ತಿಗೆ ಅದು ಬೇರೆ ನೀರಾಗಿರುತ್ತದೆ. ಗ್ವಾಲಿಯರಿನ ರಕ್ಷಣಾ ಸಂಶೋಧನಾಲಯದ ಮಂಜ, ಮೌರ್ಯ, ರಾವ್ ಎಂಬ ಮೂವರು 1982ರಲ್ಲಿ ಪ್ರಕಟಿಸಿದ ಒಂದು ಸರಳ ಪರೀಕ್ಷೆ ಇದೆ. ಬಾಟ್ಲಿಯೊಳಗೆ ಔಷಧಿಯಲ್ಲಿ ಅದ್ದಿ ಒಣಗಿಸಿದ ಕಾಗದದ ತುಂಡು. ಗೆರೆಯ ತನಕ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಡುವುದು. ಮಲ ಸೇರಿದ ನೀರಾದರೆ ಕಪ್ಪಾಗುತ್ತದೆ. ಪ್ರಯೋಗಾಲಯ ಬೇಡ, ಕರೆಂಟು ಬೇಡ.

ತಮಾಷೆಗೆ ಮಾಡಿದ್ದು. ಅಮ್ಮನಿಗೆ ನನ್ನ ಕೆಲಸ ತೋರಿಸಿದ ಹಾಗಾಗುತ್ತದೆ, ನಮ್ಮ ಬಾವಿಯ ನೀರು ಎಷ್ಟು ಚೆಂದ ಎಂದು ಅವಳಿಗೂ ಖುಷಿಯಾಗುತ್ತದೆ ಎಂದು. ಅಡಿಗೆಮನೆಯಲ್ಲಿ ಒಲೆಯ ಪಕ್ಕದ ಗೂಡಿನಲ್ಲಿಟ್ಟೆ. ಮರುದಿನ ರಾತ್ರಿ ಊಟಕ್ಕೆ ಕೂತಾಗ ಬಳಸುತ್ತಿದ್ದ ಅಮ್ಮನೇ ನೋಡಿದ್ದು. "ಇದೆಂಥದು ಮಗ, ನೀರು ಕಪ್ಪಾಗಿದೆ?"

ನಾಲ್ಕೂ ಶಾಯಿಯ ಹಾಗೆ ಕಪ್ಪಾಗಿದ್ದವು. ಕಾರಣ ಹುಡುಕಲು ದೂರ ಹೋಗಬೇಕಿರಲಿಲ್ಲ. 1995ರಲ್ಲಿ ನಾನೇ ದುಡ್ಡು ಕಳಿಸಿ ಹೊಸ ಕಕ್ಕಸು ಕಟ್ಟಿಸಿದ್ದೆ. ಅದರ ಗುಂಡಿಗೂ ಬಾವಿಗೂ ಮೂವತ್ತು ಅಡಿಯೂ ಇರಲಿಲ್ಲ. ಕಡಿಮೆಯೆಂದರೆ ಐವತ್ತು ಅಡಿ ಬೇಕು, ನಮ್ಮ ಮುರಕಲ್ಲಿನ ನೆಲದಲ್ಲಿ ಅದೂ ಸಾಲದು, ತೂತು ತೂತಿನ ಕಲ್ಲು. ನೀರಿನ ಕೆಲಸದವನು ನಾನು. ನಕ್ಷೆ ಮೇಸ್ತ್ರಿಗೆ ಬಿಟ್ಟಿದ್ದೆ. ಇಷ್ಟೇ ಆಗಿದ್ದರೆ ಮನೆಯೊಳಗಿನ ವಿಷಯ. ಆದರೆ ಬಾವಿ ನಮಗೂ ಆಚೆಮನೆಗೂ ಸೇರಿದ್ದು. ಗಡಿಯ ಮೇಲೆ ಅಜ್ಜನ ಕಾಲದಲ್ಲಿ ತೋಡಿದ್ದು, ಎರಡು ಕಡೆಯೂ ರಾಟೆ.

ಅಮ್ಮನಿಗೆ ಹೇಳಿದೆ. ಅವಳು ಬಾಟ್ಲಿಯನ್ನು ದೀಪದ ಹತ್ತಿರ ಹಿಡಿದು ತಿರುಗಿಸಿ ನೋಡಿದಳು. ಬಂದವರಿಗೆಲ್ಲ ಬೆಲ್ಲದ ಜೊತೆ ಕೊಟ್ಟ ನೀರು. ಯಾಕೆ, ಹೇಗೆ ಎಂದು ಕೇಳಲಿಲ್ಲ. "ಆಚೆಮನೆಯವರಿಗೆ ಹೇಳಿ ಬಾ" ಎಂದಳು.

ಹೊರಗೆ ಮಳೆ ಹೊಯ್ಯುತ್ತಿತ್ತು. ಗಂಟೆ ಒಂಬತ್ತಾಗಿತ್ತು. ಅದೂ ಅಲ್ಲದೆ ತಪ್ಪು ನಮ್ಮದು, ಹೋಗಿ ಏನೆಂದು ಹೇಳುವುದು? "ಬೆಳಿಗ್ಗೆ ಹೇಳಿದರೆ ಆಗದಾ ಅಮ್ಮ?"

"ರಾತ್ರಿ ಅವರು ನೀರು ಕುಡಿಯುವುದಿಲ್ಲವಾ?"

ಊಟ ಅರ್ಧಕ್ಕೆ ಬಿಟ್ಟು ಕೈ ತೊಳೆದೆ. ಟಾರ್ಚು ಹಿಡಿದು ತೋಡು ದಾಟಿ ಹೋದೆ. ಆಚೆಮನೆಯ ಮಾವ ಜಗಲಿಯಲ್ಲಿ ಕೂತು ರೇಡಿಯೋ ಕೇಳುತ್ತಿದ್ದರು. ಬೊಂಬಾಯಿಯವನು ಬಂದ ಎಂದು ಸೊಸೆಯನ್ನು ಕೂಗಿದರು, ಅವಳು ಚೊಂಬಿನಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ ತಂದಿಟ್ಟಳು. ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು, ಚೊಂಬು ಮುಟ್ಟದೆ, ವಿಷಯ ಹೇಳಿದೆ. ಗುಂಡಿ ನಮ್ಮದು ಎಂಬುದನ್ನೂ ಹೇಳಿದೆ. ಮಾವ ರೇಡಿಯೋ ಬಂದ್ ಮಾಡಿದರು. ಸಿಟ್ಟು ಬಂದಿರಬೇಕು, ಮನೆಯಲ್ಲಿ ಒಂದು ವರ್ಷದ ಮೊಮ್ಮಗು ಇತ್ತು. ಸ್ವಲ್ಪ ಹೊತ್ತು ಬಿಟ್ಟು ಅವರು ಕೇಳಿದ್ದು ಒಂದೇ.

"ಇದು ನಿನಗೆ ಯಾವಾಗ ಗೊತ್ತಾಯಿತು?"

"ಈಗ ಮಾವ. ಊಟಕ್ಕೆ ಕೂತಾಗ."

ಅವರು ತಲೆಯಾಡಿಸಿದರು. ಒಳಗೆ ತಿರುಗಿ, ಮಗುವಿಗೆ ಕೊಡುವ ನೀರನ್ನು ಕುದಿಸಲು ಹೇಳಿದರು. ಆಮೇಲೆ, ನಾಳೆ ಬೆಳಿಗ್ಗೆ ಕಾರ್ಕಳಕ್ಕೆ ಹೋಗಿ ಬ್ಲೀಚಿಂಗ್ ಪೌಡರ್ ತರುವುದಾದರೆ ಎಷ್ಟು ತರಬೇಕು, ಬಾವಿಯಲ್ಲಿ ಈಗ ಎಷ್ಟು ಕೋಲು ನೀರಿದೆ ಎಂದು ಇಬ್ಬರೂ ಕೂತು ಲೆಕ್ಕ ಹಾಕಿದೆವು.